ಕೆಂಪು ಕಾರು ಸೇತುವೆ ದಾಟಿತು

ನನ್ನ ಕಣ್ಣಿಗೆ ಮಣ್ಣೆರಚುವವರು ಇನ್ನೂ ಹುಟ್ಟಿಲ್ಲ ಎಂದೇ ನಾನು ನಂಬಿದ್ದೆ. ಊರೂರು ಸುತ್ತುವ ನರ್ಸು ನಾನು. ಎಲ್ಲಿ ನರ್ಸುಗಳಿಗೆ ಬರವೋ ಅಲ್ಲಿಗೆ ಹದಿಮೂರು ವಾರದ ಕರಾರಿನ ಮೇಲೆ ಹೋಗುವುದು, ಮನೆಮನೆಗೆ ತಿರುಗಿ ರೋಗಿಗಳನ್ನು ನೋಡಿಕೊಳ್ಳುವುದು, ಕರಾರು ಮುಗಿದರೆ ಗಂಟುಮೂಟೆ ಕಟ್ಟುವುದು. ಆಸ್ಪತ್ರೆಯಲ್ಲಾದರೆ ರೋಗಿ ನಮ್ಮ ಮಂಚದ ಮೇಲೆ ಮಲಗಿ ಹೇಳಿದ ಮಾತು ಕೇಳುತ್ತಾನೆ. ಮನೆಯಲ್ಲಿ ಅವನೇ ರಾಜ. ಮಾತ್ರೆಯನ್ನು ಹೂಕುಂಡಕ್ಕೆ ಉಗುಳಿದವರು, ಸಿಹಿಯನ್ನು ದಿಂಬಿನಡಿ ಬಚ್ಚಿಟ್ಟವರು, ಸಿಗರೇಟು ಸೇದಿ ನಾಯಿಯ ಮೇಲೆ ಹೇಳಿದವರು, ಇಂಥವರನ್ನೆಲ್ಲ ಬಾಗಿಲಲ್ಲೇ ಮೂಸಿ ಹಿಡಿಯುವಷ್ಟು ನನ್ನ ಮೂಗು ಪಳಗಿತ್ತು. ಅಂಥ ನನ್ನನ್ನು ಅಮೆರಿಕದ ಮೇನ್ ರಾಜ್ಯದ ಪಿಕೆಟ್ ಹಾರ್ಬರ್ ಎಂಬ ಬೆಸ್ತರ ಊರು, ಊರಿಗೆ ಊರೇ ಒಂದಾಗಿ, ಇಡೀ ವಸಂತಕಾಲ ಕುಣಿಸಿತು.

ಊರಿನ ಅರ್ಧ ದಡದ ಮೇಲೆ, ಇನ್ನರ್ಧ ಸೇತುವೆಯ ಆಚೆ ದ್ವೀಪದ ಮೇಲೆ. ದ್ವೀಪದ ಕೊನೆಯ ಮನೆ ಅರ್ಡೆಲ್ ಕಾರ್ವರಳದು. ಅರವತ್ತೇಳು ವರ್ಷ, ಗಟ್ಟಿ ಮೈಕಟ್ಟು, ಸಿಡುಕು ನಾಲಿಗೆ. ಹದಿನಾರಕ್ಕೆ ಬೋಟು ಹತ್ತಿದವಳು ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯ ಬೋನು ಎಳೆಯುತ್ತಲೇ ಕೂದಲು ಹಣ್ಣಾದವಳು. ಹಿಂದಿನ ಶರತ್ಕಾಲದಲ್ಲಿ ಬೋನಿನ ಅಂಚು ತಗುಲಿ ಮೊಣಕಾಲ ಕೆಳಗೆ ಚರ್ಮ ಕಿತ್ತಿತ್ತು. ಕಾಲಿನ ನರಗಳು ಮೊದಲೇ ಉಬ್ಬಿದ್ದವಾದ್ದರಿಂದ ಗಾಯ ಹುಣ್ಣಾಗಿ ಕೂತಿತು. ನಾನು ಏಪ್ರಿಲ್ ಕೊನೆಗೆ ಹೋದಾಗ ಅದು ನನ್ನ ಅಂಗೈಯಷ್ಟಿತ್ತು. ಬೇಸಿಗೆ ಮುಗಿಯುವುದರೊಳಗೆ ಮಾಯದಿದ್ದರೆ ತೊಡೆಯ ಚರ್ಮ ತೆಗೆದು ಹೊಲಿಯಬೇಕು, ಆಮೇಲೂ ಬೋಟಿನಲ್ಲಿ ನಿಲ್ಲುವ ಮಾತು ಮರೆತುಬಿಡಿ ಎಂದು ಡಾಕ್ಟರು ಹೇಳಿದ್ದರು. ಬೋಟಿನಲ್ಲಿ ನಿಲ್ಲದ ಅರ್ಡೆಲ್ ಎಂದರೆ ಏನೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳಿಗಂತೂ ಮೊದಲೇ ಇಲ್ಲ.

ವಾರಕ್ಕೆ ಮೂರು ಸಲ ನನ್ನ ಕೆಂಪು ಕಾರು ಸೇತುವೆ ದಾಟುತ್ತಿತ್ತು. ಹೋದಾಗಲೆಲ್ಲ ಅರ್ಡೆಲ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಹೊದಿಕೆ ಹೊದ್ದು, ಬೊಂಬೆ ಕೂರಿಸಿದ ಹಾಗೆ ಕೂತಿರುತ್ತಿದ್ದಳು. ಹುಣ್ಣು ತೊಳೆದು, ಮುಲಾಮು ಹಚ್ಚಿ, ಬೆರಳ ಬುಡದಿಂದ ಮೊಣಕಾಲವರೆಗೆ ಬಿಗಿಯಾಗಿ ಪಟ್ಟಿ ಸುತ್ತುತ್ತಿದ್ದೆ. ಈ ಪಟ್ಟಿಯ ಮರ್ಮವೇ ನಡಿಗೆ. ಮೀನಖಂಡ ಅಲುಗಿದರೆ ಕೆಳಗೆ ನಿಂತ ರಕ್ತ ಮೇಲೆ ಹೋಗುತ್ತದೆ, ಹುಣ್ಣು ಒಣಗುತ್ತದೆ. ಸುಮ್ಮನೆ ಕೂತರೆ ಎಷ್ಟು ಸುತ್ತಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದ್ದರಿಂದ ದಿನಾ ನಡೆಯಿರಿ, ನಡೆಯಲಾಗದಾಗ ಮೇಜು ಹಿಡಿದು ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯಿರಿ ಎಂದು ಪ್ರತಿ ಸಲ ಬೇಡಿಕೊಳ್ಳುತ್ತಿದ್ದೆ.

"ಆಯ್ತು ನರ್ಸಮ್ಮ," ಎನ್ನುತ್ತಿದ್ದಳು ಅವಳು, ಕಿಟಕಿಯ ಆಚೆ ನೋಡುತ್ತ.

ಹುಣ್ಣು ಮಾತ್ರ ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಜೂನ್ ಬಂದರೂ ಅಷ್ಟೇ. ನನಗೆ ನಿದ್ದೆ ಬರುತ್ತಿರಲಿಲ್ಲ. ಪಟ್ಟಿ ಸರಿಯಾಗಿದೆ, ಮುಲಾಮು ಸರಿಯಾಗಿದೆ, ಊಟ ಸರಿಯಾಗಿದೆ. ಆದರೆ ಅವಳ ಉಗುರಿನ ಸಂದಿಯಲ್ಲಿ ಕಪ್ಪು ಗ್ರೀಸು ಇರುತ್ತಿತ್ತು. ಹೊಲಿಗೆ ಯಂತ್ರ ರಿಪೇರಿ ಮಾಡ್ತಿದ್ದೆ ಅಂದಳು. ಒಮ್ಮೆ ಬಲವಂತ ಮಾಡಿ ಮೀನಿನ ಸೂಪು ಬಡಿಸಿದಳು, ಅದರಲ್ಲಿ ಡೀಸೆಲ್ ವಾಸನೆ. ಹಾಡಾಕ್ ಮೀನು ಕೆಲವು ಸಲ ಹಾಗೇ ಇರುತ್ತೆ ಅಂದಳು. ನಾನು ಲೂಸಿಯಾನಾದ ಜೌಗು ನೆಲದವಳು, ನಮ್ಮಪ್ಪನಿಗೆ ಸಿಗಡಿ ಹಿಡಿಯುವ ಬೋಟಿತ್ತು. ಮೀನು ಯಾವುದು ಡೀಸೆಲ್ ಯಾವುದು ಎಂದು ನನಗೆ ಹೇಳಿಕೊಡುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ.

ಆಗ ಊರಿಗೆಲ್ಲ ರೇಸಿನ ಜ್ವರ ಹತ್ತಿತ್ತು. ಜುಲೈನಲ್ಲಿ ಒಂದು ಭಾನುವಾರ ಲಾಬ್‌ಸ್ಟರ್ ಬೋಟುಗಳ ರೇಸು. ಆ ಒಂದು ದಿನಕ್ಕಾಗಿ ಇವರು ವರ್ಷವಿಡೀ ಇಂಜಿನ್ನಿನ ಹೊಟ್ಟೆ ಬಗೆಯುತ್ತಾರೆ. ಹಿಂದಿನ ವರ್ಷ ಕೊಲ್ಲಿಯ ಆಚೆ ದಂಡೆಯ ಡ್ವೈಟ್ ಆಲಿ ಎಂಬವನು ಅರ್ಡೆಲ್‌ಳ 'ಲೆನೋರಾ' ಬೋಟನ್ನು ಒಂದು ಮೊಳದ ಅಂತರದಲ್ಲಿ ಹಿಂದೆ ಹಾಕಿ, ಮುದುಕಿಯರು ಮನೆಯಲ್ಲಿ ಕೂತು ಕಾಲುಚೀಲ ಹೆಣೆಯಲಿ ಎಂದು ಎಲ್ಲರೆದುರು ಅಂದಿದ್ದನಂತೆ. ಆ ಮಾತು ಊರಿನ ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ಲೆನೋರಾವನ್ನು ತಮ್ಮ ಎಲ್ವುಡ್ ಓಡಿಸುತ್ತಾನೆ, ನನ್ನ ಕೈಲಾಗಲ್ಲವಲ್ಲ ಎಂದು ಅರ್ಡೆಲ್ ನನಗೆ ಹೇಳಿದಳು. ಎಲ್ವುಡ್ ದೇವರಂಥ ಮನುಷ್ಯ. ಅಲೆಗೂ ದಾರಿ ಬಿಟ್ಟು ಹೋಗುವಂಥವನು, ಅವನ ಕೈಯಲ್ಲಿ ಯಾವ ರೇಸೂ ಗೆಲ್ಲುವಂಥದ್ದಲ್ಲ.

ಜುಲೈ ಮೊದಲ ವಾರ ನಾನು ಸೇತುವೆಯ ಈಚೆ ಬದಿಯ ಲಿಂಡನ್ ಲುಕ್ ಎಂಬ ಮುದುಕನ ಮನೆಯಲ್ಲಿದ್ದೆ. ಉಸಿರಿನ ತೊಂದರೆಯವನು, ಮೂಗಿಗೆ ಆಕ್ಸಿಜನ್ ನಳಿಗೆ. ಇಲ್ಲಿನ ಎಲ್ಲ ಅಡುಗೆಮನೆಗಳಲ್ಲಿರುವಂತೆ ಅವನಲ್ಲೂ ಬೋಟಿನವರು ಮಾತಾಡಿಕೊಳ್ಳುವ ರೇಡಿಯೋ ಗೊರಗುಟ್ಟುತ್ತಿತ್ತು. ನಾನು ಅವನ ಎದೆಗೆ ಸ್ಟೆತಾಸ್ಕೋಪು ಇಟ್ಟು ಬಗ್ಗಿದ್ದಾಗ ಯಾರದೋ ದನಿ ಕೇಳಿತು. "ಕೆಂಪು ಕಾರು ಲಿಂಡನ್ ಮನೆ ಮುಂದೆ ಇದೆ. ಸೇತುವೆ ಇನ್ನೂ ದಾಟಿಲ್ಲ. ದಾಟಿದ್ ತಕ್ಷಣ ಹೇಳ್ತೀನಿ, ಅರ್ಡೆಲ್‌ನ ಕುರ್ಚೀಲಿ ಕೂರ್ಸಿ." ಆ ದನಿ ಎಲ್ವುಡ್‌ನದು.

ಲಿಂಡನ್ ಕೈ ಚಾಚಿ ರೇಡಿಯೋ ಆರಿಸಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವನ ಎದೆ ನನ್ನ ಕಿವಿಯಲ್ಲಿ ಡವಡವ ಹೊಡೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಆ ಹೊತ್ತು ನೆತ್ತಿಗೇರಿತು. ಎಲ್ಲ ಅರ್ಥವಾಯಿತು ಅಂದುಕೊಂಡೆ. ಈ ಹೆಂಗಸು ದಿನಾ ಬೋಟು ಕಟ್ಟುವ ದಕ್ಕೆಗೆ ಹೋಗಿ ಎಣ್ಣೆ ನೀರಿನಲ್ಲಿ ಕಾಲು ನೆನೆಸಿಕೊಂಡು ಇಂಜಿನ್ನು ಬಿಚ್ಚುತ್ತಿದ್ದಾಳೆ, ಊರು ಕಾವಲು ಕಾಯುತ್ತಿದೆ, ಹುಣ್ಣು ಮಾಯುತ್ತಿಲ್ಲ, ನಾನು ಪೆದ್ದಿಯ ಹಾಗೆ ಪಟ್ಟಿ ಸುತ್ತುತ್ತಿದ್ದೇನೆ. ನಿಮ್ಮ ನೀಲಿ ಟ್ರಕ್ಕಿನ ಕೀಲಿ ಕೊಡಿ ಎಂದು ಲಿಂಡನ್‌ಗೆ ಕೈ ಚಾಚಿದೆ. ಅವನು ಗೂಟದಿಂದ ತೆಗೆದು ಕೊಟ್ಟ. ಕೆಂಪು ಕಾರನ್ನು ಅಲ್ಲೇ ಬಿಟ್ಟು, ಲಿಂಡನ್‌ನ ಟೊಪ್ಪಿಗೆ ಹಾಕಿಕೊಂಡು ಸೇತುವೆ ದಾಟಿದೆ. ಬೇಟೆಯ ಹುರುಪು ಅಂದರೆ ಏನೆಂದು ಆವತ್ತು ಗೊತ್ತಾಯಿತು. ಎದುರಾದವರೆಲ್ಲ ಲಿಂಡನ್ ಎಂದುಕೊಂಡು ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ನಮಸ್ಕರಿಸಿದರು.

ಬಾಗಿಲು ತಟ್ಟದೆ ಒಳನುಗ್ಗಿದೆ. ಖಾಲಿ ಕುರ್ಚಿ ಸಿಗುತ್ತದೆ ಎಂದುಕೊಂಡಿದ್ದೆ. ಅರ್ಡೆಲ್ ಅಡುಗೆಮನೆಯಲ್ಲೇ ಇದ್ದಳು. ಮೇಜಿನ ಮೇಲೆ ಇಂಜಿನ್ನಿನ ಅರ್ಧ ಕರುಳು ಹರಡಿತ್ತು. ಒಲೆಯ ಮೇಲೆ ಸೂಪಿನ ಪಾತ್ರೆಯಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳು ಕುದಿಯುತ್ತಿದ್ದವು. ನಾನು ಸೂಪು ಕುಡಿದ ಅದೇ ಪಾತ್ರೆ. ಎಲ್ವುಡ್‌ನ ಹೆಂಡತಿ ಥೀಡಾ ಕಸೂತಿಯ ಮೇಜುವಸ್ತ್ರವನ್ನು ಟರ್ಬೊ ಮೇಲೆ ಎಳೆದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇಬ್ಬರೂ ನನ್ನನ್ನು ನೋಡದೆ ನಿಂತರು.

ಎಷ್ಟು ದಿನದಿಂದ ದಕ್ಕೆಗೆ ಹೋಗ್ತಿದ್ದೀರಿ ಎಂದು ಕೇಳಿದೆ. ನನ್ನ ದನಿ ಏರಿತ್ತು. ಇಲ್ಲವೆಂದು ಅರ್ಡೆಲ್ ತಲೆಯಾಡಿಸಿದಳು. ಸುಳ್ಳು ಹೇಳಬೇಡಿ, ನಿಮ್ಮ ಬೂಟೇ ಸಾಕ್ಷಿ ಹೇಳುತ್ತೆ ಎಂದು ಬಾಗಿಲ ಬಳಿ ಇದ್ದ ಅವಳ ರಬ್ಬರ್ ಬೂಟನ್ನು ಎತ್ತಿ ಬಗ್ಗಿಸಿದೆ. ನೀರು, ಮರಳು, ಏನಾದರೂ ಬೀಳಲಿ ಎಂದು. ಒಂದು ಸತ್ತ ನೊಣ ಬಿತ್ತು. ಬೂಟಿನ ಬಾಯಿಗೆ ಅಡ್ಡಲಾಗಿ ಜೇಡ ಬಲೆ ನೇಯ್ದಿತ್ತು, ಬಲೆಯ ಮೇಲೆ ಧೂಳು ಕೂತಿತ್ತು.

"ನಾನು ಹೊರಗೆ ಕಾಲಿಟ್ಟಿಲ್ಲ ಕಣೇ," ಅಂದಳು ಅರ್ಡೆಲ್. "ಮೆಟ್ಟಿಲಿಗೂ ಇಳಿದಿಲ್ಲ. ಬಟ್ಟೆ ಒಣಗ್ಸೋದೂ ಥೀಡಾನೇ. ಮನೆ ಬಿಟ್ಟು ಹೊರಟ್ರೆ ನರ್ಸು ಬರೋದು ನಿಂತೋಗುತ್ತೆ ಅಂತ ನೀನೇ ಅಲ್ವಾ ಮೊದಲ್ನೇ ದಿನ ಓದಿ ಹೇಳಿದ್ದು. ಅದಕ್ಕೇ ಇಂಜಿನ್ನೇ ಮನೆಗೆ ಬಂತು."

ನನ್ನ ಕೋಪದ ಗಾಳಿ ಅಲ್ಲೇ ಇಳಿದುಹೋಯಿತು. ಮನೆಗೆ ನರ್ಸು ಬರಬೇಕಾದರೆ ರೋಗಿ ಮನೆ ಬಿಟ್ಟು ಹೊರಡಲಾರದ ಸ್ಥಿತಿಯಲ್ಲಿರಬೇಕು ಎಂಬುದು ಸರ್ಕಾರದ ವಿಮೆಯ ನಿಯಮ. ನನಗಿಂತ ಮುಂಚೆ ಬಂದವಳು ಅದನ್ನು ಗಿಳಿಪಾಠ ಒಪ್ಪಿಸಿ ಹೋಗಿದ್ದಳು, ನಾನೂ ಒಪ್ಪಿಸಿದ್ದೆ. ಪಕ್ಕದ ಬಂದರಿನಲ್ಲಿ ಯಾರನ್ನೋ ಬಿಂಗೋ ಆಟದಲ್ಲಿ ನೋಡಿ ನರ್ಸನ್ನು ನಿಲ್ಲಿಸಿದರು ಎಂಬ ಸುದ್ದಿ ಬೇರೆ ಹಬ್ಬಿತ್ತಂತೆ. ಈ ಜನ ಸಮುದ್ರದ ಕಾನೂನು ಪಾಲಿಸುವವರು. ಅಳತೆಗೆ ಒಂದಿಷ್ಟೇ ಕಮ್ಮಿ ಇರುವ ಲಾಬ್‌ಸ್ಟರನ್ನು ಯಾರೂ ನೋಡದಿದ್ದರೂ ವಾಪಸು ನೀರಿಗೆ ಎಸೆಯುವವರು. ನಿಯಮ ಅಂದರೆ ನಿಯಮ ಎಂದು ಅರ್ಡೆಲ್‌ಳನ್ನು ಕುರ್ಚಿಗೆ ಕಟ್ಟಿಹಾಕಿದ್ದರು. ಕಳ್ಳತನವೆಂದರೆ ಇಂಜಿನ್ನು ಮುಟ್ಟಿದ್ದಷ್ಟೇ, ಕೆಲಸ ಮಾಡುವ ಶಕ್ತಿ ಇದೆ ಎಂದು ಗೊತ್ತಾದರೆ ನರ್ಸು ಬರುವುದಕ್ಕೂ ಕುತ್ತು ಬಂದೀತೆಂದು ಆ ಕಾವಲು. ನಡೆಯಿರಿ ನಡೆಯಿರಿ ಎಂದು ನಾನು ಅಂದದ್ದನ್ನು ಪರೀಕ್ಷೆ ಅಂದುಕೊಂಡಿದ್ದರು. ಕಾಲು ಮಾಯದೆ ಇದ್ದದ್ದು ಅವಳು ಹೊರಗೆ ಹೋದದ್ದಕ್ಕಲ್ಲ, ಹೋಗದೆ ಕೂತದ್ದಕ್ಕೆ.

ನಾನು ನೆಲದ ಮೇಲೆ ಕೂತು ನಗಲಾರಂಭಿಸಿದೆ. ನಗು ಬಂತೋ ಅಳು ಬಂತೋ ಸರಿಯಾಗಿ ಹೇಳಲಾರೆ. ಹೊರಗೆ ಹೋಗಬಹುದು, ಅಪರೂಪಕ್ಕೆ, ಸ್ವಲ್ಪ ಹೊತ್ತು, ಅಂಗಳದಲ್ಲಿ ನಡೆಯುವುದಕ್ಕಂತೂ ಯಾವ ಅಡ್ಡಿಯೂ ಇಲ್ಲ ಎಂದು ಬಿಡಿಸಿ ಹೇಳಿದೆ. ಇಬ್ಬರೂ ನಂಬಲಿಲ್ಲ. ಅಷ್ಟರಲ್ಲಿ ಲಿಂಡನ್ ಸುದ್ದಿ ಮುಟ್ಟಿಸಿದ್ದ, ಎಲ್ವುಡ್ ಓಡಿ ಬಂದು ಬಾಗಿಲಲ್ಲಿ ಇಂಗು ತಿಂದ ಮಂಗನ ಹಾಗೆ ನಿಂತಿದ್ದ. ನಾನು ನೇರವಾಗಿ ಕೇಳಿದೆ.

"ಮಿಸ್ ಅರ್ಡೆಲ್, ನಿಮ್ಮ ರೇಸು ಎಷ್ಟು ಹೊತ್ತಿಂದು?"

"ಒಂದು ನಿಮಿಷ ಹಿಡಿಯಲ್ಲ," ಅಂದಳು ಅವಳು. ಆಮೇಲೆ ಕಣ್ಣು ಕಿರಿದು ಮಾಡಿದಳು. "ಯಾಕೆ? ಇದೂ ನಿನ್ನ ಬಲೇನಾ?"

ಅವರೆದುರೇ ಕಚೇರಿಯ ಮೇಲ್ವಿಚಾರಕಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದೆ. ವರ್ಷಕ್ಕೊಮ್ಮೆ ಬರುವ ಊರ ಹಬ್ಬಕ್ಕೆ ರೋಗಿ ಹೋಗಬಹುದಾ ಎಂದೆ. ಹೋಗಬಹುದು, ಆದರೆ ಹೊರಡುವುದು ಅವಳಿಗೆ ಕಷ್ಟವಿದೆಯೋ ಇಲ್ಲವೋ, ಇನ್ನೊಬ್ಬರ ಸಹಾಯ ಬೇಕೋ ಬೇಡವೋ ಎಂದು ಆಕೆ ಕೇಳಿದಳು. ಎಲ್ವುಡ್ ಗಂಟಲು ಸರಿಮಾಡಿಕೊಂಡು, ಆವತ್ತು ಸಮುದ್ರದ ಇಳಿತದ ಹೊತ್ತು, ಬೋಟು ತೀರಾ ಕೆಳಗಿರುತ್ತೆ, ದಕ್ಕೆಯ ಏಣಿ ಉದ್ದ, ಅಕ್ಕನನ್ನು ಬೋನಿಗೆ ಹಾಕುವ ಎರೆಯ ಪೀಪಾಯಿ ಇಳಿಸುವ ರಾಟೆಯಲ್ಲಿ ಇಳಿಸಬೇಕು, ಕೆಳಗೆ ಹಿಡಿಯಲು ಇಬ್ಬರು ಬೇಕು ಎಂದ. ಕ್ರೇನು ಬೇಕಾದವಳು ಮನೆ ಬಿಟ್ಟು ಹೊರಡಲಾರದವಳೇ ಸರಿ ಎಂದಳು ಮೇಲ್ವಿಚಾರಕಿ, ಪಟ್ಟಿ ಒದ್ದೆಯಾಗದ ಹಾಗೆ ನೋಡಿಕೋ ಎಂದು ಫೋನಿಟ್ಟಳು.

ಅರ್ಡೆಲ್ ಎದ್ದಳು. ಬಾಗಿಲು ದಾಟಿದಳು. ಮೆಟ್ಟಿಲ ಮೇಲೆ ನಿಂತು ಮೂಗರಳಿಸಿ ಉಪ್ಪುಗಾಳಿ ಎಳೆದುಕೊಂಡಳು. ಆಮೇಲೆ ಎಲ್ವುಡ್ ಕಡೆ ತಿರುಗಿ, ಚುಕ್ಕಾಣಿ ಇನ್ನು ನನ್ನದು, ನೀನು ಹಗ್ಗ ಸುತ್ತಿಕೊಂಡಿರು ಎಂದಳು. ಎಲ್ವುಡ್‌ನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ರೇಸಿನ ಭಾನುವಾರ ನನಗೆ ರಜೆ. ರಜೆಯ ದಿನ ಯಾವ ಬೋಟು ಹತ್ತಿದರೂ ಕೇಳುವವರಿಲ್ಲ. ಬೆಳಿಗ್ಗೆಯೇ ಅವಳ ಕಾಲಿಗೆ ಹೊಸ ಪಟ್ಟಿ ಸುತ್ತಿ, ಅದರ ಮೇಲೆ ಕಸದ ಚೀಲ ಎಳೆದು ಟೇಪು ಬಿಗಿದೆ. ಬೋಟಿನಲ್ಲಿ ಕೂತೇ ಓಡಿಸಬೇಕು, ಕಾಲು ಡಬ್ಬಿಯ ಮೇಲಿರಬೇಕು, ನಾನು ಹಿಡಿದಿರುತ್ತೇನೆ ಎಂದು ಷರತ್ತು ಹಾಕಿದೆ. ಕಿಟಕಿಯ ಪಕ್ಕದ ಕುರ್ಚಿಯೂ ನಮ್ಮ ಜೊತೆ ಹೊರಟಿತು. ದಕ್ಕೆಯಲ್ಲಿ ಜನವೋ ಜನ. ಅರ್ಡೆಲ್ ಕುರ್ಚಿಯ ಸಮೇತ ರಾಟೆಯಲ್ಲಿ ತೂಗುತ್ತ ಇಳಿಯುವಾಗ ಊರೆಲ್ಲ ಉಸಿರು ಬಿಗಿಹಿಡಿದು ನೋಡಿತು, ಅವಳೊಬ್ಬಳು ಮಾತ್ರ ರಾಣಿಯ ಗತ್ತಿನಲ್ಲಿ ಕಾಲು ಚಾಚಿ ಕೂತು, ಮೆಲ್ಲಗೆ ಇಳಿಸ್ರೋ, ನಾನೇನು ಕೊಳೆತ ಮೀನಲ್ಲ ಎಂದು ಬೈಯುತ್ತಿದ್ದಳು.

ರೇಸು ಶುರುವಾಗುವ ಗೆರೆಯಲ್ಲಿ ನಮ್ಮ ಪಕ್ಕಕ್ಕೇ ಡ್ವೈಟ್ ಆಲಿ. ಉದ್ದ ಗಡ್ಡ, ಬೋಟಿಗೆ ಹೊಸ ಬಿಳಿ ಬಣ್ಣ. ನನ್ನನ್ನು ನೋಡಿ, ಏನಜ್ಜಿ, ನರ್ಸನ್ನೂ ಕರಕೊಂಡು ಬಂದಿದೀಯಾ ಎಂದು ಕೂಗಿದ.

"ನಿನಗೇ ಬೇಕಾಗ್ತಾಳೆ ಕಣೋ, ಇರು," ಅಂದಳು ಅರ್ಡೆಲ್.

ಬಾವುಟ ಬಿತ್ತು. ಅವಳು ಒಂದೇ ಏಟಿಗೆ ಇಂಜಿನ್ನಿನ ವೇಗದ ಹಿಡಿಕೆಯನ್ನು ತುದಿಯವರೆಗೆ ದೂಡಿದಳು. ನನ್ನ ಹಲ್ಲು ಹಲ್ಲಿಗೆ ಬಡಿಯಿತು. ಕಪ್ಪು ಹೊಗೆ, ಕಿವಿ ತುಂಬ ಗರ್ಜನೆ, ಕಾಲಡಿಯ ಹಲಗೆ ನಡುಗುತ್ತಿದೆ. ಸೂಪಿನ ಪಾತ್ರೆಯಲ್ಲಿ ಬೆಂದ ಇಂಜೆಕ್ಟರುಗಳು ಹಾಡತೊಡಗಿದವು. ನನಗೆ ಅಪ್ಪನ ಬೋಟು, ಅಪ್ಪನ ಬೆವರು, ನಾನು ನರ್ಸಾಗುವುದಕ್ಕೆ ಮುಂಚಿನದೆಲ್ಲ ಒಮ್ಮೆಗೇ ನೆನಪಾಗಿ ಮೈ ಜುಮ್ಮೆಂದಿತು. ಕೂಗುತ್ತಿದ್ದೆ, ಏನು ಕೂಗುತ್ತಿದ್ದೆನೋ ದೇವರಿಗೇ ಗೊತ್ತು. ಎರಡು ಕೈಯಲ್ಲೂ ಅವಳ ಕಾಲು ಹಿಡಿದಿದ್ದೆ.

ವೇಗ ಏರಿದ ಹಾಗೆ ಬೋಟಿನ ಮೂತಿ ಆಕಾಶಕ್ಕೆ ಎದ್ದಿತು. ಕುರ್ಚಿಯಲ್ಲಿ ಕೂತವಳಿಗೆ ಮುಂದೆ ಮೂತಿಯ ಬಿಳಿ ಹಲಗೆ ಬಿಟ್ಟರೆ ಇನ್ನೇನೂ ಕಾಣದು. ಎಡಕ್ಕೆ ಡ್ವೈಟ್‌ನ ಬೋಟು ಅರ್ಧ ಬೋಟಿನಷ್ಟು ಮುಂದಿತ್ತು. ಅರ್ಡೆಲ್ ತಿರುಗಿ ನನ್ನನ್ನು ನೋಡಿದಳು. ಅಷ್ಟು ವರ್ಷ ರೋಗಿಗಳ ಕಣ್ಣು ಓದಿದವಳು ನಾನು, ಅವಳು ಅಪ್ಪಣೆ ಕೇಳುತ್ತಿರಲಿಲ್ಲ. ಆದರೂ ನಾನು ಕಾಲು ಬಿಟ್ಟೆ.

ಅವಳು ಎದ್ದು ಕುರ್ಚಿಯನ್ನು ಹಿಂದಕ್ಕೆ ಒದ್ದಳು. ಅದು ಹಲಗೆಯ ಮೇಲೆ ಜಾರುತ್ತ ಹೋಗಿ ತೆರೆದ ಹಿಂಬದಿಯಿಂದ ಸಮುದ್ರಕ್ಕೆ ಬಿತ್ತು. ಎದ್ದರೂ ಮೂತಿಯ ಆಚೆ ಕಾಣಲಿಲ್ಲವೇನೋ, ಚುಕ್ಕಾಣಿ ಹಿಡಿದು ಎರಡೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತಳು. ವಸಂತವಿಡೀ ನಾನು ಬೇಡಿಕೊಂಡರೂ ಮಾಡದ ವ್ಯಾಯಾಮ. ನನ್ನ ಪಟ್ಟಿಯೊಳಗೆ ಅವಳ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ಉಬ್ಬಿದ್ದನ್ನು ನಾನು ನೋಡಿದೆ. ಬೋಟು ಇಳಿದಾಗ ಅವಳು ಇಳಿದಳು, ಎದ್ದಾಗ ಎದ್ದಳು. ನಾನು ಅದನ್ನೇ ನೋಡುತ್ತ ಕೂತಿದ್ದರಿಂದ ಕೊನೆಯ ಗೆರೆ ದಾಟಿದ್ದು ನನಗೆ ಕಾಣಲಿಲ್ಲ. ಬಂದರಿನ ಬೋಟುಗಳೆಲ್ಲ ಒಮ್ಮೆಗೇ ಕೊಂಬು ಊದಿದಾಗಲೇ ಯಾರು ಗೆದ್ದರೆಂದು ಗೊತ್ತಾಯಿತು. ಡ್ವೈಟ್‌ನಿಂದ ಒಂದು ಬೋಟಿನ ಉದ್ದ ಮುಂದಿದ್ದೆವಂತೆ.

ಸಂಜೆ ಅವನೇ ನಮ್ಮ ದಕ್ಕೆಗೆ ಬಂದ, ಕೈಯಲ್ಲಿ ಒದ್ದೆ ಕುರ್ಚಿಯ ಒಂದು ಕಾಲು. ಉಳಿದದ್ದು ವಾಪಸು ಬರುವಾಗ ತನ್ನ ಬೋಟಿಗೆ ಸಿಕ್ಕಿ ಪುಡಿಯಾಯಿತೆಂದ. ಕಾಲುಚೀಲದ ಮಾತಿಗೆ ಟೊಪ್ಪಿಗೆ ತೆಗೆದು ಕ್ಷಮೆಯನ್ನೂ ಕೇಳಿದ.

ಮರುದಿನ ಪಟ್ಟಿ ಬಿಚ್ಚಿದೆ. ಒಣಗಿತ್ತು, ಒಂದು ಹನಿ ನೀರು ಒಳಗೆ ಹೋಗಿರಲಿಲ್ಲ. ಅಲ್ಲಿಂದ ಅವಳ ನಡಿಗೆ ಶುರುವಾಯಿತು. ಮೊದಲು ಅಂಗಳ, ಆಮೇಲೆ ಅಂಚೆ ಡಬ್ಬಿ, ಆಮೇಲೆ ಥೀಡಾಳ ಬೇಲಿ, ಕೋಲೂರಿಕೊಂಡು, ಬೈದುಕೊಂಡು. ಹುಣ್ಣು ಅಂಗೈಯಿಂದ ನಾಣ್ಯಕ್ಕಿಳಿಯಿತು, ನಾಣ್ಯದಿಂದ ಅಂಗಿಯ ಗುಂಡಿಗಿಳಿಯಿತು. ಆಗಸ್ಟ್ ಕೊನೆಗೆ ಡಾಕ್ಟರು ನೋಡಿ ತೊಡೆಯ ಚರ್ಮ ತೊಡೆಯಲ್ಲೇ ಇರಲಿ ಎಂದರು. ನಾನು ಕರಾರು ಮುಂದುವರಿಸಿ ಅಲ್ಲೇ ಉಳಿದಿದ್ದೆ, ಬೇರೆ ಊರಿಗೆ ಹೋಗುವ ಮನಸ್ಸಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಎಂದಿನಂತೆ ಸೇತುವೆ ದಾಟಿ ಹೋದೆ. ಬಾಗಿಲು ತೆರೆದೇ ಇತ್ತು, ಕೂಗಿದರೆ ಯಾರೂ ಓಗೊಡಲಿಲ್ಲ. ನಮ್ಮ ಕಸುಬಿನಲ್ಲಿ ಖಾಲಿ ಮನೆ ಅಂದರೆ ಎದೆ ಧಸಕ್ಕೆನ್ನಬೇಕು. ಬಚ್ಚಲು, ಮಂಚದ ಬದಿ, ಮೆಟ್ಟಿಲ ಕೆಳಗೆ, ಎಲ್ಲಿ ಬಿದ್ದಿದ್ದಾಳೋ ಎಂದು ಹುಡುಕಿದೆ. ಬಾಗಿಲ ಬಳಿ ಬೂಟು ಇರಲಿಲ್ಲ. ಅಷ್ಟರಲ್ಲಿ ಅಡುಗೆಮನೆಯ ರೇಡಿಯೋ ಗೊರಗುಟ್ಟಿತು. ಹಿಂದೆ ಇಂಜಿನ್ನಿನ ಸದ್ದು, ಹಕ್ಕಿಗಳ ಕಿರುಚಾಟ.

"ಎಲ್ವುಡ್, ಕೆಂಪು ಕಾರು ಸೇತುವೆ ದಾಟಿತೇನೋ?"

"ಆಗ್ಲೇ ದಾಟಿತು. ನಿನ್ನ ಅಡುಗೆಮನೇಲೇ ಇರ್ತಾಳೆ ಈಗ."

"ಹಾಗಾದ್ರೆ ಕೇಳಿಸ್ಕೊಳ್ಲಿ," ಅಂದಳು ಅರ್ಡೆಲ್. "ನಾನು ಮನೇಲಿಲ್ಲ."

ಮನೆಯಲ್ಲಿಲ್ಲದ ರೋಗಿಗೆ ನರ್ಸು ಬೇಕಿಲ್ಲ, ಅದು ನಿಯಮ. ರೇಡಿಯೋದ ಗುಂಡಿ ಒತ್ತಿ, ಸರಿ ಮಿಸ್ ಅರ್ಡೆಲ್, ಇನ್ನು ನಾನು ಬರಲ್ಲ ಅಂದೆ. ಸ್ವಲ್ಪ ಹೊತ್ತು ಕೂತು ಸುಧಾರಿಸಿಕೊಳ್ಳೋಣವೆಂದು ಕಿಟಕಿಯ ಕಡೆ ಹೋದೆ. ಮರೆತಿದ್ದೆ, ರೇಸಿನ ದಿನದಿಂದ ಅಲ್ಲಿ ಕುರ್ಚಿಯೇ ಇರಲಿಲ್ಲ.